ಫಿಲಡೆಲ್ಫಿಯಾದ ಬಿಷಪ್ ನ್ಯೂಮನ್ ನಿಜಕ್ಕೂ ಆಡಳಿತದಲ್ಲಿ ಸೋತವರೇ?

ಓದುಗರ ಪ್ರಶ್ನೆ: “ನಾನು ಮೈಸೂರಿನವಳು. ಮದುವೆಯಾದ ಮೇಲೆ ಅಮೆರಿಕಕ್ಕೆ ಬಂದು ಈಗ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿದ್ದೇನೆ. ಇಲ್ಲಿನ ಕೆಲವು ಕನ್ನಡ ಕಥೋಲಿಕ ಕುಟುಂಬಗಳು ಆಗಾಗ ಒಟ್ಟು ಸೇರುತ್ತೇವೆ. ಈ ಊರಿನ ಬಿಷಪ್ ಆಗಿದ್ದ ಸಂತ ಜಾನ್ ನ್ಯೂಮನ್ ಅವರ ಬಗ್ಗೆ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುವ ಹೊಣೆ ನನ್ನ ಮೇಲಿದೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಎಲ್ಲರೂ ಅವರನ್ನು ಪ್ರೀತಿಸುತ್ತಿದ್ದರು, ಅಮೆರಿಕದಲ್ಲಿ ಕಥೋಲಿಕ ಶಾಲೆಗಳನ್ನು ಆರಂಭಿಸಿದವರೇ ಅವರು, ಅವರ ಕಾಲದಲ್ಲಿ ವಿರೋಧಿಗಳು ಚರ್ಚುಗಳಿಗೆ ಬೆಂಕಿಯಿಟ್ಟರು ಎಂದು ಒಂದು ಪುಸ್ತಕ ಹೇಳುತ್ತದೆ. ಆಡಳಿತ ನಡೆಸಲು ಅವರಿಗೆ ಬರಲಿಲ್ಲ, ಅದಕ್ಕೇ ರೋಮ್ ಅವರನ್ನು ಬದಿಗೆ ಸರಿಸಿತು ಎಂದು ನನ್ನ ಮಗನ ಶಾಲೆಯ ಇತಿಹಾಸದ ಶಿಕ್ಷಕರು ಹೇಳಿದರಂತೆ. ಅವರದೇ ಜನ ಅವರನ್ನು ಕೀಳಾಗಿ ಕಂಡರು ಎಂದು ಬರೆದರೆ ನಮ್ಮ ಹಿರಿಯರಿಗೆ ನೋವಾಗುತ್ತದೆ. ಬರೆಯದಿದ್ದರೆ ಮಕ್ಕಳಿಗೆ ಸುಳ್ಳು ಹೇಳಿದಂತಾಗುತ್ತದೆ. ಏನು ಮಾಡಲಿ? ಅವರು ಅಮೆರಿಕದ ಮೊದಲ ಸಂತರೇ ಎಂಬುದನ್ನೂ ತಿಳಿಸಿ.”

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬೇರು ಒಂದೇ. ತನ್ನ ಕಾಲದವರು ಕಡೆಗಣಿಸಿದ ಒಬ್ಬ ವ್ಯಕ್ತಿಯನ್ನು ಸಂತನೆಂದು ಮಕ್ಕಳ ಮುಂದಿಡುವಾಗ ಆ ಕಡೆಗಣನೆಯನ್ನು ಹೇಳಬೇಕೇ ಬೇಡವೇ ಎಂಬುದೇ ಆ ಬೇರು. ಹೇಳಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದನ್ನು ಬಿಟ್ಟರೆ ನ್ಯೂಮನ್ ಅವರ ಜೀವನದ ಅರ್ಧ ಭಾಗ ಅರ್ಥವಾಗದೆ ಉಳಿಯುತ್ತದೆ. ಆದರೆ ‘ಬದಿಗೆ ಸರಿಸಿದರು’ ಎಂಬ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವುದೂ ಸರಿಯಲ್ಲ, ಏಕೆಂದರೆ ನಡೆದದ್ದು ಅಷ್ಟು ಸರಳವಾಗಿರಲಿಲ್ಲ.

ಮೊದಲಿಗೆ ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಚಿತ್ರ ಹುಡುಕುವಾಗ ಇಂಗ್ಲೆಂಡಿನ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್ ಅವರ ಚಿತ್ರವನ್ನು ಆರಿಸಿಕೊಳ್ಳಬೇಡಿ. 2019ರಲ್ಲಿ ಸಂತ ಪದವಿ ಪಡೆದ ಅವರು ಬೇರೆ. ನಿಮ್ಮ ಊರಿನವರು ಜಾನ್ ನೆಪೊಮುಕ್ ನ್ಯೂಮನ್. ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಚೆಕ್ ಗಣರಾಜ್ಯದಲ್ಲಿರುವ ಬೊಹೀಮಿಯಾ ಪ್ರಾಂತದ ಪ್ರಾಹತಿತ್ಸೆ ಎಂಬ ಪಟ್ಟಣದಲ್ಲಿ 1811ರ ಮಾರ್ಚ್ 28ರಂದು ಹುಟ್ಟಿದವರು. ತಂದೆ ಜರ್ಮನ್ ಸೀಮೆಯಾದ ಬವೇರಿಯಾದಿಂದ ಬಂದು ಕಾಲುಚೀಲ ಹೆಣೆಯುವ ಕಸುಬು ಮಾಡುತ್ತಿದ್ದರು, ತಾಯಿ ಚೆಕ್ ಮೂಲದವರು. ಹೀಗೆ ಎರಡು ಭಾಷೆಗಳು ಮನೆಯಲ್ಲೇ ಸಿಕ್ಕಿದ್ದವು.

ಅವರು ಅಮೆರಿಕಕ್ಕೆ ಏಕೆ ಹೋದರು ಎಂಬುದನ್ನು ಭಕ್ತಿಗ್ರಂಥಗಳು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ವಾಸ್ತವದಲ್ಲಿ ಅದರ ಹಿಂದೆ ಎರಡು ಕಾರಣಗಳಿದ್ದವು. 1835ರಲ್ಲಿ ಅವರು ಗುರುವಿದ್ಯಾಭ್ಯಾಸ ಮುಗಿಸಿದಾಗ ಅವರ ಧರ್ಮಪ್ರಾಂತ್ಯದಲ್ಲಿ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಸೀಮೆಯಲ್ಲಿ, ಗುರುಗಳ (ಪಾದ್ರಿಗಳ) ಸಂಖ್ಯೆ ಅಗತ್ಯಕ್ಕಿಂತ ಹೆಚ್ಚಾಗಿತ್ತು, ಬಿಷಪ್ ಅನಾರೋಗ್ಯದಲ್ಲಿದ್ದರು, ಹೀಗಾಗಿ ಗುರುದೀಕ್ಷೆ ಮುಂದಕ್ಕೆ ಹೋಯಿತು. ಇನ್ನೊಂದೆಡೆ, ಅಮೆರಿಕದ ಮಿಷನ್‌ಗಳಿಗೆ ಹಣ ಕೂಡಿಸಲು 1829ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಲಿಯೊಪೋಲ್ಡೀನ್ ಸಂಘವು ಅಲ್ಲಿಂದ ಬಂದ ಪತ್ರಗಳನ್ನು ಅಚ್ಚು ಹಾಕಿಸಿ ಹಂಚುತ್ತಿತ್ತು. ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ ಮೂಲನಿವಾಸಿಗಳ ನಡುವೆ ದುಡಿಯುತ್ತಿದ್ದ ಸ್ಲೊವೇನಿಯಾದ ಫ್ರೆಡರಿಕ್ ಬರಾಗ ಅವರ ಪತ್ರಗಳು ಅವುಗಳಲ್ಲಿದ್ದವು. ಬರಾಗ ಕೂಡ ಮುಂದೆ ಬಿಷಪ್ ಆದರು. ಊರಿನಲ್ಲಿ ಕೆಲಸವಿಲ್ಲದೆ ಕಾಯುತ್ತಿದ್ದ ಇಪ್ಪತ್ತನಾಲ್ಕರ ಯುವಕನಿಗೆ ಆ ಪತ್ರಗಳು ಏನು ಮಾಡಿರಬಹುದೆಂದು ಊಹಿಸುವುದು ಕಷ್ಟವಲ್ಲ. 1836ರ ಬೇಸಿಗೆಯ ಆರಂಭದಲ್ಲಿ ನ್ಯೂಯಾರ್ಕ್ ತಲುಪಿದಾಗ ಅವರಿನ್ನೂ ಗುರುವಾಗಿರಲಿಲ್ಲ. ಅಲ್ಲಿನ ಬಿಷಪ್ ಜಾನ್ ದ್ಯುಬ್ವಾ, ಅವರೂ ಫ್ರಾನ್ಸಿನಿಂದ ವಲಸೆ ಬಂದವರೇ, ಜೂನ್ 25ರಂದು ಅವರಿಗೆ ಗುರುದೀಕ್ಷೆ ಕೊಟ್ಟು ನಯಾಗರ ಜಲಪಾತದ ಸುತ್ತಲಿನ ಕಾಡುಸೀಮೆಗೆ ಕಳುಹಿಸಿದರು. ಜರ್ಮನ್ ಒಕ್ಕಲುಗಳು ಚದುರಿ ನೆಲೆಸಿದ್ದ ಆ ಪ್ರದೇಶದಲ್ಲಿ ನಾಲ್ಕು ವರ್ಷ ಬಹುಮಟ್ಟಿಗೆ ಒಬ್ಬಂಟಿಯಾಗಿ ತಿರುಗಿ ದೇಹ ಸೋತ ಮೇಲೆ, ಸಮುದಾಯ ಜೀವನ ಬೇಕೆನಿಸಿ 1840ರಲ್ಲಿ ರಿಡೆಂಪ್ಟರಿಸ್ಟ್ ಎಂಬ ಸಂನ್ಯಾಸಿ ಸಭೆಯನ್ನು ಸೇರಿದರು. 1848ರಲ್ಲಿ ಬಾಲ್ಟಿಮೋರಿನಲ್ಲಿ ಆಸ್ಟ್ರಿಯಾದ ಚಕ್ರವರ್ತಿಗೆ ತಮಗಿದ್ದ ನಿಷ್ಠೆಯನ್ನು ತ್ಯಜಿಸಿ ಅಮೆರಿಕದ ಪೌರತ್ವ ಪಡೆದರು. ವಲಸೆ ಬಂದವರ ಮಕ್ಕಳಿಗೆ ಇದು ಬೇಗ ಮನಸ್ಸಿಗೆ ತಟ್ಟುವ ವಿವರ, ಮರೆಯದೆ ಸೇರಿಸಿಕೊಳ್ಳಿ.

ಇನ್ನು ಚರ್ಚುಗಳಿಗೆ ಬೆಂಕಿ ಬಿದ್ದ ವಿಷಯ. ಅದು ನಡೆದದ್ದು ನಿಜ, ಕಾಲ ಮಾತ್ರ ತಪ್ಪು. ಸಾರ್ವಜನಿಕ ಶಾಲೆಗಳಲ್ಲಿ ಪ್ರೊಟೆಸ್ಟೆಂಟರ ಬೈಬಲ್ ಓದಿಸುತ್ತಿದ್ದುದರಿಂದ, ಕಥೋಲಿಕ ಮಕ್ಕಳಿಗೆ ತಮ್ಮದೇ ಭಾಷಾಂತರ ಓದುವ ಅವಕಾಶ ಬೇಕೆಂದು ಅಂದಿನ ಬಿಷಪ್ ಫ್ರಾನ್ಸಿಸ್ ಕೆನ್ರಿಕ್ 1842ರಲ್ಲಿ ಶಾಲಾ ಆಡಳಿತಕ್ಕೆ ಪತ್ರ ಬರೆದರು. ಬೈಬಲನ್ನೇ ಶಾಲೆಯಿಂದ ಹೊರಹಾಕಲು ಹೊರಟಿದ್ದಾರೆಂಬ ಗುಲ್ಲು ಅದರಿಂದ ಹಬ್ಬಿತು. ಐರಿಷ್ ವಲಸಿಗರ ಮೇಲೆ ಅದಾಗಲೇ ಇದ್ದ ದ್ವೇಷಕ್ಕೆ ಅದು ಸೇರಿಕೊಂಡು, 1844ರ ಮೇ ತಿಂಗಳಲ್ಲಿ ಕೆನ್ಸಿಂಗ್ಟನ್ ಭಾಗದಲ್ಲಿ ಗಲಭೆ ಎದ್ದಿತು. ಸಂತ ಮೈಕೇಲರ ಮತ್ತು ಸಂತ ಅಗಸ್ಟೀನರ ದೇವಾಲಯಗಳು ಸುಟ್ಟುಹೋದವು. ಜುಲೈನಲ್ಲಿ ಮತ್ತೆ ಗಲಭೆಯಾಯಿತು. ಆಗ ನ್ಯೂಮನ್ ರಾಜ್ಯದ ಇನ್ನೊಂದು ತುದಿಯಲ್ಲಿರುವ ಪಿಟ್ಸ್‌ಬರ್ಗಿನಲ್ಲಿದ್ದರು. ಅವರು ಫಿಲಡೆಲ್ಫಿಯಾದ ಬಿಷಪ್ ಆದದ್ದು ಎಂಟು ವರ್ಷಗಳ ನಂತರ. ಅವರ ಕಾಲದಲ್ಲಿ ವಿರೋಧವಿರಲಿಲ್ಲವೆಂದಲ್ಲ, ಅದರ ರೂಪ ಬದಲಾಗಿತ್ತು. ವಲಸಿಗರ ವಿರುದ್ಧ ಸಂಘಟಿತವಾಗಿದ್ದ ‘ನೋ ನಥಿಂಗ್’ ಪಕ್ಷದ ಬೆಂಬಲದಿಂದ 1854ರಲ್ಲಿ ನಗರದ ಮೇಯರ್ ಆಯ್ಕೆಯಾದರು. 1855ರಲ್ಲಿ ಪೆನ್ಸಿಲ್ವೇನಿಯಾದ ಶಾಸನಸಭೆ ಚರ್ಚಿನ ಆಸ್ತಿಯು ಬಿಷಪ್ಪರ ಹೆಸರಿನಲ್ಲಿರುವುದನ್ನು ತಡೆಯುವ ಕಾಯ್ದೆ ಮಾಡಿತು. ಅಂದರೆ ಬೀದಿಯ ಜಗಳ ಮತಪೆಟ್ಟಿಗೆಗೂ ಕಾನೂನು ಪುಸ್ತಕಕ್ಕೂ ಏರಿತ್ತು. ನಿಮ್ಮ ಮಕ್ಕಳನ್ನು ಪ್ರಧಾನಾಲಯಕ್ಕೆ (ಬಿಷಪ್ಪರ ಮುಖ್ಯ ದೇವಾಲಯಕ್ಕೆ) ಕರೆದೊಯ್ದರೆ ಕಿಟಕಿಗಳು ಎಷ್ಟು ಎತ್ತರದಲ್ಲಿವೆಯೆಂದು ತೋರಿಸಿ. ಕಟ್ಟಡದ ಕೆಲಸ ಆರಂಭವಾದದ್ದು 1846ರಲ್ಲಿ, ಗಲಭೆಯಾದ ಎರಡು ವರ್ಷಕ್ಕೆ. ಕಲ್ಲೆಸೆತಕ್ಕೆ ಹೆದರಿಯೇ ಹಾಗೆ ಕಟ್ಟಿದರೆಂಬ ಮಾತು ಇಂದಿಗೂ ಊರಿನಲ್ಲಿದೆ.

ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ. ‘ಎಲ್ಲರೂ ಅವರನ್ನು ಪ್ರೀತಿಸುತ್ತಿದ್ದರು’ ಎಂಬುದು ಸತ್ಯವಲ್ಲ. ಬಾಲ್ಟಿಮೋರಿಗೆ ವರ್ಗವಾದ ಕೆನ್ರಿಕ್ ಅವರ ಶಿಫಾರಸಿನ ಮೇಲೆ ಒಂಬತ್ತನೆಯ ಭಕ್ತಿನಾಥ (ಪಯಸ್) ಪೋಪರು ನ್ಯೂಮನ್ ಅವರನ್ನು ನೇಮಿಸಿ, ಹಿಂಜರಿಯದಂತೆ ವಿಧೇಯತೆಯ ಆಜ್ಞೆಯನ್ನೂ ಕಳುಹಿಸಿದರು. 1852ರ ಮಾರ್ಚ್ 28ರಂದು, ಅವರ ನಲವತ್ತೊಂದನೆಯ ಹುಟ್ಟುಹಬ್ಬದ ದಿನ, ಅಭಿಷೇಕವಾಯಿತು. ನಗರದ ಅನುಕೂಲಸ್ಥ ಕಥೋಲಿಕರು ಬಯಸಿದ್ದು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಪ್ರಬೋಧನೆ ಮಾಡುವ, ಗಣ್ಯರ ಮನೆಗಳಲ್ಲಿ ಸರಾಗವಾಗಿ ಬೆರೆಯುವ ಬಿಷಪ್ಪರನ್ನು. ಬಂದವರು ಗಿಡ್ಡ ಆಕೃತಿಯ, ಮಿತಭಾಷಿಯಾದ, ಮಾತಿನಲ್ಲಿ ಜರ್ಮನ್ ಎಳೆತವಿದ್ದ ಸಂನ್ಯಾಸಿ. ಪೋಪರ ಪ್ರತಿನಿಧಿಯಾಗಿ 1853ರಲ್ಲಿ ಅಮೆರಿಕಕ್ಕೆ ಬಂದ ಮಹಾಧರ್ಮಾಧ್ಯಕ್ಷ ಗಯೆತಾನೊ ಬೆದಿನಿ ರೋಮಿಗೆ ಒಪ್ಪಿಸಿದ ವರದಿಯಲ್ಲಿ, ವಿದ್ಯೆಯಲ್ಲಾಗಲಿ ಉತ್ಸಾಹದಲ್ಲಾಗಲಿ ಭಕ್ತಿಯಲ್ಲಾಗಲಿ ಇವರಿಗೆ ಕೊರತೆಯಿಲ್ಲ, ಆದರೆ ಚಿಕ್ಕ ಆಕೃತಿ ಮತ್ತು ಉಡುಪಿನ ಬಗೆಗಿನ ಅಲಕ್ಷ್ಯದಿಂದ ಅಂತಹ ಪ್ರತಿಷ್ಠಿತ ನಗರಕ್ಕೆ ತುಸು ಕಡಿಮೆಯೆನಿಸುತ್ತಾರೆ, ಬಿಷಪ್ಪರಿಗಿಂತ ಹೆಚ್ಚಾಗಿ ಮಿಷನರಿಯಂತೆ ಕಾಣುತ್ತಾರೆ ಎಂಬರ್ಥದ ಮಾತುಗಳಿವೆ. ಚರ್ಚ್ ಇತಿಹಾಸ ಕಲಿಸುವ ನಾನು ಈ ಭಾಗವನ್ನು ತರಗತಿಯಲ್ಲಿ ತಪ್ಪದೆ ಓದಿಸುತ್ತೇನೆ. ದೂರು ಯಾವುದರ ಬಗ್ಗೆ ಇದೆ ಎಂದು ಗಮನಿಸಲು ಹೇಳುತ್ತೇನೆ: ಎತ್ತರದ ಬಗ್ಗೆ, ಬಟ್ಟೆಯ ಬಗ್ಗೆ. ಕೆಲಸದಲ್ಲಿ ತಪ್ಪು ಹುಡುಕಿದ ಮಾತು ಅದರಲ್ಲಿಲ್ಲ.

ಆದರೂ ಆಡಳಿತದಲ್ಲಿ ನಿಜವಾದ ಇಕ್ಕಟ್ಟುಗಳಿದ್ದವು, ಅವನ್ನು ಮುಚ್ಚಿಡುವ ಅಗತ್ಯವಿಲ್ಲ. ಅವರು ಅಧಿಕಾರ ವಹಿಸಿಕೊಂಡಾಗ ಧರ್ಮಪ್ರಾಂತ್ಯವು ಪೆನ್ಸಿಲ್ವೇನಿಯಾದ ಪೂರ್ವಾರ್ಧ, ಇಡೀ ಡೆಲವೇರ್ ರಾಜ್ಯ ಮತ್ತು ನ್ಯೂಜೆರ್ಸಿಯ ಒಂದು ಪಾಲನ್ನು ಒಳಗೊಂಡಿತ್ತು. ನ್ಯೂಜೆರ್ಸಿಯ ಭಾಗ 1853ರಲ್ಲಿ ಬೇರೆಯಾಯಿತು. ಆಲೂಗಡ್ಡೆ ಬೆಳೆ ನಾಶವಾಗಿ ಬರಗಾಲ ಬಿದ್ದ ಐರ್ಲೆಂಡಿನಿಂದಲೂ ಜರ್ಮನ್ ಸೀಮೆಗಳಿಂದಲೂ ಜನ ಹಡಗು ಹಡಗಾಗಿ ಬಂದಿಳಿಯುತ್ತಿದ್ದರು. ಬಂದವರ ಕೈಯಲ್ಲಿ ಹಣವಿರಲಿಲ್ಲ, ಆದರೆ ಅವರಿಗೆ ಚರ್ಚು ಬೇಕಿತ್ತು, ಶಾಲೆ ಬೇಕಿತ್ತು, ತಮ್ಮ ಭಾಷೆ ಬಲ್ಲ ಗುರು ಬೇಕಿತ್ತು. ಪ್ರಧಾನಾಲಯದ ಗೋಡೆಗಳು ಹಣ ಬಂದ ಹಾಗೆ ನಿಧಾನವಾಗಿ ಏಳುತ್ತಿದ್ದವು. ಕೆಲಸ ಮುಗಿದದ್ದು 1864ರಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ.

ಇದರ ಮೇಲೆ ಟ್ರಸ್ಟಿಗಳ ಜಗಳ. ಅಮೆರಿಕದ ಕಾನೂನಿನಲ್ಲಿ ಚರ್ಚಿನ ಜಾಗ ಮತ್ತು ಕಟ್ಟಡ ಅನೇಕ ಕಡೆ ಶ್ರೀಸಾಮಾನ್ಯ ಭಕ್ತರಿಂದ ಆಯ್ಕೆಯಾದ ಟ್ರಸ್ಟಿಗಳ ಹೆಸರಿನಲ್ಲಿರುತ್ತಿತ್ತು. ಹಣ ಕೊಟ್ಟು ಕಟ್ಟಿದವರು ನಾವು, ಗುರುವನ್ನು ಆರಿಸುವವರೂ ನಾವೇ ಎಂಬುದು ಅವರ ವಾದ. ಗುರುವಿನ ನೇಮಕ ಬಿಷಪ್ಪರ ಅಧಿಕಾರ ಎಂಬುದು ಚರ್ಚಿನ ನಿಲುವು. ಫಿಲಡೆಲ್ಫಿಯಾದಲ್ಲಿ ಜರ್ಮನರದೇ ಆದ ಪವಿತ್ರ ತ್ರಿತ್ವದ ದೇವಾಲಯದ ಟ್ರಸ್ಟಿಗಳು ಜರ್ಮನ್ ಮಾತಾಡುವ ಬಿಷಪ್ಪರೊಂದಿಗೇ ನ್ಯಾಯಾಲಯದ ಮೆಟ್ಟಿಲೇರಿದರು. ಈ ಘಟನೆಗೆ ನಿಮ್ಮ ಹೊತ್ತಗೆಯಲ್ಲಿ ಒಂದು ಪುಟ ಕೊಡಿ ಎಂದು ಒತ್ತಿ ಹೇಳುತ್ತೇನೆ. ಜಗಳವೆಲ್ಲ ಹೊರಗಿನ ವಿರೋಧಿಗಳಿಂದಲೇ ಬಂತೆಂದು ಬರೆದರೆ ಮಕ್ಕಳ ಮನಸ್ಸಿನಲ್ಲಿ ನೆರೆಯವರ ಬಗ್ಗೆ ಅನ್ಯಾಯದ ಚಿತ್ರ ಉಳಿಯುತ್ತದೆ. ಟ್ರಸ್ಟಿಗಳನ್ನು ಖಳರೆಂದು ಬರೆಯುವುದೂ ಬೇಡ. ದುಡಿದ ಹಣದಲ್ಲಿ ಕಟ್ಟಿಸಿದ ದೇವಾಲಯದ ಮೇಲೆ ಅವರಿಗಿದ್ದ ಅಭಿಮಾನ ಸಹಜವಾದದ್ದು.

‘ಬದಿಗೆ ಸರಿಸಿದರು’ ಎಂಬ ಮಾತು ಹುಟ್ಟಿದ್ದು ಮುಂದಿನ ಘಟನೆಯಿಂದ. 1855ರ ಮೇ ತಿಂಗಳಲ್ಲಿ ಬಾಲ್ಟಿಮೋರಿನಲ್ಲಿ ಬಿಷಪ್ಪರ ಪ್ರಾಂತೀಯ ಸಭೆ ಸೇರಿದಾಗ ನ್ಯೂಮನ್ ಅವರೇ ತಮ್ಮ ಧರ್ಮಪ್ರಾಂತ್ಯವನ್ನು ವಿಭಜಿಸುವ ಪ್ರಸ್ತಾಪ ಮುಂದಿಟ್ಟರು. ಕಲ್ಲಿದ್ದಲು ಗಣಿಗಳ ನಡುವಿನ ಪಾಟ್ಸ್‌ವಿಲ್ ಪಟ್ಟಣವನ್ನು ಹೊಸ ಪೀಠವಾಗಿ ಮಾಡಿದರೆ, ನಗರವನ್ನು ಬೇರೊಬ್ಬರಿಗೆ ಒಪ್ಪಿಸಿ ಆ ಬಡ ಪೀಠಕ್ಕೆ ತಾವು ಹೋಗಲು ಸಿದ್ಧ ಎಂದರು. ರೋಮ್ ವಿಭಜನೆಗೆ ಒಪ್ಪದೆ, ಉತ್ತರಾಧಿಕಾರದ ಹಕ್ಕುಳ್ಳ ಸಹಾಯಕ ಬಿಷಪ್ಪರಾಗಿ ಜೇಮ್ಸ್ ಫ್ರೆಡರಿಕ್ ವುಡ್ ಅವರನ್ನು 1857ರಲ್ಲಿ ಕೊಟ್ಟಿತು. ವುಡ್ ಫಿಲಡೆಲ್ಫಿಯಾದಲ್ಲೇ ಹುಟ್ಟಿದವರು, ಪ್ರಾಯಕ್ಕೆ ಬಂದ ಮೇಲೆ ಕಥೋಲಿಕರಾದವರು, ಗುರುವಾಗುವ ಮೊದಲು ಸಿನ್ಸಿನಾಟಿಯ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಹಣಕಾಸನ್ನು ಅವರಿಗೆ ವಹಿಸಿ ನ್ಯೂಮನ್ ಹಳ್ಳಿಗಾಡಿನ ಭೇಟಿಗಳನ್ನು ತಮ್ಮ ಪಾಲಿಗೆ ಇಟ್ಟುಕೊಂಡರು. ನ್ಯೂಮನ್ ಬೇಗನೆ ರಾಜೀನಾಮೆ ಕೊಡುತ್ತಾರೆಂಬ ನಿರೀಕ್ಷೆಯಲ್ಲಿ ಬಂದಿದ್ದ ವುಡ್ ಅವರಿಗೆ ಇದರಿಂದ ಇರುಸುಮುರುಸಾದದ್ದೂ ನಿಜ. ಆದರೆ ನ್ಯೂಮನ್ ಅವರನ್ನು ಯಾರೂ ತೆಗೆದುಹಾಕಲಿಲ್ಲ. ಸಾಯುವ ದಿನದವರೆಗೆ ಅವರೇ ಫಿಲಡೆಲ್ಫಿಯಾದ ಬಿಷಪ್ ಆಗಿದ್ದರು. ನಿಮ್ಮ ಮಗನ ಶಿಕ್ಷಕರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ನಗರಕ್ಕೆ ಇವರು ಹೊಂದುವುದಿಲ್ಲ ಎಂಬ ಅಭಿಪ್ರಾಯ ಸಹ-ಬಿಷಪ್ಪರಲ್ಲೂ ಇತ್ತು. ಆದರೆ ತಾನು ಯಾವ ಕೆಲಸಕ್ಕೆ ತಕ್ಕವನೆಂದು ತಿಳಿದು ಅದನ್ನೇ ಕೇಳಿಕೊಂಡವರನ್ನು ಸೋತವರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆ ಕೆಲಸ ಯಾವುದೆಂದು ಹತ್ತಿರದಿಂದ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ದೊಡ್ಡ ಧರ್ಮಕೇಂದ್ರಗಳನ್ನು (ಒಂದೊಂದು ಊರಿನ ಚರ್ಚು ಮತ್ತು ಅದರ ಭಕ್ತ ಸಮುದಾಯವನ್ನು) ವರ್ಷಕ್ಕೊಮ್ಮೆ, ಚಿಕ್ಕವನ್ನು ಎರಡು ವರ್ಷಕ್ಕೊಮ್ಮೆ ಅವರು ಸ್ವತಃ ಭೇಟಿ ಮಾಡುತ್ತಿದ್ದರು. ಕಾಲುವೆಯ ದೋಣಿ, ರೈಲು, ಕುದುರೆಗಾಡಿ, ಕಡೆಗೆ ಕಾಲ್ನಡಿಗೆ. ಹೋದ ಕಡೆ ದೃಢೀಕರಣ ಸಂಸ್ಕಾರ ಮುಗಿಸಿ ಹೊರಟುಬಿಡದೆ ದಿನಗಟ್ಟಲೆ ಉಳಿದು ಪಾಪನಿವೇದನೆ ಕೇಳುತ್ತಿದ್ದರು. ಪಾಪನಿವೇದನೆಯಲ್ಲಿ ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಯಾರಿಗೂ ಇಷ್ಟವಾಗದು. ಗಣಿ ಪ್ರದೇಶದ ಐರಿಷರಲ್ಲಿ ಹಲವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ, ಅದಾಗಲೇ ಆರೇಳು ಭಾಷೆ ಬಲ್ಲವರಾಗಿದ್ದ ನ್ಯೂಮನ್ ಬಿಷಪ್ ಆದ ಮೇಲೆ ಐರಿಷ್ ಗೇಲಿಕ್ ಭಾಷೆಯನ್ನೂ ಕಲಿತರು. ಪಾಪನಿವೇದನೆ ಮುಗಿಸಿ ಎದ್ದ ಐರಿಷ್ ಅಜ್ಜಿಯೊಬ್ಬಳು, ಕಡೆಗೂ ನಮಗೊಬ್ಬ ಐರಿಷ್ ಬಿಷಪ್ ಸಿಕ್ಕರು ಎಂದು ದೇವರಿಗೆ ಕೃತಜ್ಞತೆ ಹೇಳಿದಳೆಂಬ ಕಥೆ ಪ್ರಚಲಿತವಾಗಿದೆ. ಅದನ್ನು ಕಥೆಯೆಂದೇ ಸೂಚಿಸಿ ಬರೆಯಿರಿ. ಇಟಾಲಿಯನ್ನರು ಆಗ ಬೆರಳೆಣಿಕೆಯಷ್ಟಿದ್ದರೂ, 1852ರಲ್ಲಿಯೇ ಅವರಿಗಾಗಿ ಸಂತ ಮೇರಿ ಮ್ಯಾಗ್ಡಲೀನ್ ದೆ ಪಾತ್ಸಿ ಧರ್ಮಕೇಂದ್ರವನ್ನು ಸ್ಥಾಪಿಸಿದರು. ಅಮೆರಿಕದಲ್ಲಿ ಇಟಾಲಿಯನ್ನರ ಮೊದಲ ಧರ್ಮಕೇಂದ್ರ ಅದು.

ಶಾಲೆಗಳ ವಿಚಾರದಲ್ಲಿ ಚಿಕ್ಕ ತಿದ್ದುಪಡಿ ಸಾಕು. ಫಿಲಡೆಲ್ಫಿಯಾದ ಸಂತ ಮೇರಿ ಧರ್ಮಕೇಂದ್ರದಲ್ಲಿ ಹದಿನೆಂಟನೆಯ ಶತಮಾನದಲ್ಲೇ ಶಾಲೆಯಿತ್ತು, ಮೇರಿಲ್ಯಾಂಡಿನಲ್ಲಿ ಎಲಿಜಬೆತ್ ಆನ್ ಸೀಟನ್ 1810ರಲ್ಲೇ ಶಾಲೆ ತೆರೆದಿದ್ದರು. ನ್ಯೂಮನ್ ಮಾಡಿದ್ದು ಬೇರೆ ಬಗೆಯ ಕೆಲಸ. ಅಭಿಷೇಕವಾದ ಕೆಲವೇ ವಾರಗಳಲ್ಲಿ ಗುರುಗಳನ್ನೂ ಭಕ್ತರ ಪ್ರತಿನಿಧಿಗಳನ್ನೂ ಒಟ್ಟಿಗೆ ಕೂರಿಸಿ, ಬಿಡಿಬಿಡಿಯಾಗಿದ್ದ ಶಾಲೆಗಳಿಗೆ ಇಡೀ ಧರ್ಮಪ್ರಾಂತ್ಯದ ಮಟ್ಟದಲ್ಲಿ ಒಂದು ಮಂಡಳಿ ರಚಿಸಿದರು. ಹಣ, ಪಠ್ಯ, ಶಿಕ್ಷಕರು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಈ ಏರ್ಪಾಡಿನಿಂದ ಅವರ ಎಂಟು ವರ್ಷಗಳಲ್ಲಿ ಶಾಲೆಗಳು ಹಲವು ಪಟ್ಟು ಹೆಚ್ಚಿದವು. ‘ಕಥೋಲಿಕ ಶಾಲೆಗಳನ್ನು ಆರಂಭಿಸಿದವರು’ ಎನ್ನುವ ಬದಲು ‘ಧರ್ಮಪ್ರಾಂತ್ಯದ ಶಾಲಾ ವ್ಯವಸ್ಥೆಯನ್ನು ಕಟ್ಟಿದವರು’ ಎಂದು ಬರೆಯಿರಿ. ಆಡಳಿತ ಬರಲಿಲ್ಲ ಎಂಬ ಆರೋಪಕ್ಕೆ ಇದಕ್ಕಿಂತ ಉತ್ತಮ ಉತ್ತರವೂ ಬೇಡ.

ಇನ್ನು ಹೊತ್ತಗೆಯನ್ನು ಹೇಗೆ ಬರೆಯುವುದು ಎಂಬುದು. ಸಾಂಪ್ರದಾಯಿಕ ಭಕ್ತಿಚರಿತ್ರೆಯ ದಾರಿ ಹಿಡಿದರೆ ಹಿರಿಯರಿಗೆ ತೃಪ್ತಿಯಾಗುತ್ತದೆ. ಆದರೆ ಪರಮಪ್ರಸಾದದ ಮುಂದೆ ನಡೆಯುವ ನಲವತ್ತು ಗಂಟೆಗಳ ಆರಾಧನೆಯ ಯೋಜನೆ ಬರೆಯುತ್ತಾ ನಿದ್ದೆಹೋದಾಗ ಮೇಣದಬತ್ತಿಯಿಂದ ಹಾಳೆಗಳು ಕರಕಲಾದರೂ ಅಕ್ಷರ ಉಳಿದವೆಂಬಂತಹ ಪ್ರಸಂಗಗಳೇ ಮುಂದೆ ಬಂದು, ಆ ಆರಾಧನೆಯನ್ನು 1853ರಿಂದ ಒಂದಾದ ಮೇಲೊಂದು ದೇವಾಲಯದಲ್ಲಿ ಸರದಿಯ ಪ್ರಕಾರ ನಡೆಯುವಂತೆ ಏರ್ಪಡಿಸಿದ ಶ್ರಮ ಹಿಂದೆ ಸರಿಯುತ್ತದೆ. ಮುಂದೊಂದು ದಿನ ಮಕ್ಕಳೇ ಬೆದಿನಿಯ ವರದಿಯನ್ನು ಓದಿದಾಗ ನಿಮ್ಮ ಹೊತ್ತಗೆಯ ಮೇಲಿನ ನಂಬಿಕೆ ಕುಸಿಯುವ ಅಪಾಯವೂ ಇದೆ. ನೊಂದ ವಲಸಿಗನ ಕಥೆಯಾಗಿ ಬರೆದರೆ ನಿಮ್ಮ ಕೂಟದ ಮಕ್ಕಳಿಗೆ ಬೇಗ ಹತ್ತಿರವಾಗುತ್ತದೆ. ಆದರೆ ಇಂದಿನ ವೀಸಾ, ಉದ್ಯೋಗಗಳ ಚಿಂತೆಯನ್ನು ಹಸಿದು ಬಂದಿಳಿದವರ ಕಾಲಕ್ಕೆ ಆರೋಪಿಸುವ ಅಪಾಯ ಅದರಲ್ಲಿದೆ, ಪ್ರಾರ್ಥನೆ ಮತ್ತು ವ್ರತಗಳ ಮೇಲೆ ನಿಂತಿದ್ದ ಅವರ ಒಳಬದುಕು ಪುಟದಿಂದಲೇ ಮಾಯವಾಗುವ ಅಪಾಯವೂ ಇದೆ.

ನಾನಾಗಿದ್ದರೆ ಇಡೀ ಜೀವನವನ್ನು ಹೇಳಲು ಹೋಗದೆ 1855ನೆಯ ವರ್ಷವೊಂದನ್ನೇ ಹಿಡಿಯುತ್ತಿದ್ದೆ. ಹಿಂದಿನ ಡಿಸೆಂಬರಿನಲ್ಲಿ ರೋಮಿನಲ್ಲಿ ಅಮಲೋದ್ಭವಿ ಮಾತೆಯ, ಅಂದರೆ ಮೇರಿ ಮಾತೆ ಜನ್ಮಪಾಪವಿಲ್ಲದೆ ಉದ್ಭವಿಸಿದರೆಂಬ, ವಿಶ್ವಾಸಸತ್ಯದ ಘೋಷಣೆಗೆ ಸಾಕ್ಷಿಯಾಗಿದ್ದ ಅವರು, ಆ ವರ್ಷದ ಆರಂಭದಲ್ಲಿ ಹುಟ್ಟೂರಿಗೆ ಹೋಗಿ ಹತ್ತೊಂಬತ್ತು ವರ್ಷಗಳ ನಂತರ ತಂದೆಯನ್ನು ಕಂಡರು; ತಾಯಿ ಆ ವೇಳೆಗೆ ತೀರಿಕೊಂಡಿದ್ದರು. ವಸಂತದಲ್ಲಿ ಮರಳಿದ ಮೇಲೆ, ಬವೇರಿಯಾದಿಂದ ವಲಸೆ ಬಂದ, ನಾಲ್ಕು ಮಕ್ಕಳ ತಾಯಿಯಾಗಿದ್ದ ವಿಧವೆ ಆನಾ ಬಾಕ್‌ಮನ್ ಮತ್ತು ಇನ್ನಿಬ್ಬರು ಮಹಿಳೆಯರೊಂದಿಗೆ ಫಿಲಡೆಲ್ಫಿಯಾದ ಸಂತ ಫ್ರಾನ್ಸಿಸರ ಭಗಿನಿಯರ ಸಭೆಯನ್ನು ಆರಂಭಿಸಿದರು. ಅದೇ ವಸಂತದಲ್ಲಿ ಆಸ್ತಿಯ ಕಾಯ್ದೆ, ಅದರ ಬೆನ್ನಿಗೇ ಪಾಟ್ಸ್‌ವಿಲ್ ಕೋರಿಕೆ. ಮನೆ, ರೋಮ್, ವಲಸಿಗರ ಕಷ್ಟ, ಕಾನೂನು, ಕಡೆಗಣನೆ ಎಲ್ಲವೂ ಕೆಲವೇ ತಿಂಗಳುಗಳಲ್ಲಿ ಎದುರಾಗುತ್ತವೆ. ಇದರ ಕೊರತೆಯೆಂದರೆ ನಯಾಗರದ ಕಾಡು ಮತ್ತು ಅವರ ಮರಣ ಕಥೆಯ ಹೊರಗುಳಿಯುತ್ತವೆ. ಅವಕ್ಕೆ ಒಂದೊಂದು ಪುಟ ಸೇರಿಸಿದರಾಯಿತು.

ಮರಣದ ಪುಟವನ್ನು ಅಲಂಕರಿಸಲು ಹೋಗಬೇಡಿ. 1860ರ ಜನವರಿ 5ರಂದು, ದೂರದ ಊರಿನ ಗುರುವೊಬ್ಬರಿಗೆ ಸೇರಬೇಕಾಗಿದ್ದ ಬಲಿಪೂಜೆಯ ಪಾನಪಾತ್ರೆಯೊಂದು ಸಾಗಣೆಯಲ್ಲಿ ಎಲ್ಲೋ ಉಳಿದುಹೋಗಿತ್ತೆಂದು ವಿಚಾರಿಸಲು ಮತ್ತು ಒಂದು ಆಸ್ತಿಪತ್ರದ ಕೆಲಸ ಮುಗಿಸಲು ಹೊರಟವರು ವೈನ್ ಸ್ಟ್ರೀಟಿನಲ್ಲಿ ಕುಸಿದುಬಿದ್ದು, ಪಕ್ಕದ ಮನೆಯೊಳಗೆ ಕರೆದೊಯ್ದ ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡರು. ವಯಸ್ಸು ನಲವತ್ತೆಂಟು. ಆ ದಿನದ ಕೆಲಸಗಳ ಪಟ್ಟಿಯೇ ಅವರು ಎಂತಹ ಬಿಷಪ್ ಆಗಿದ್ದರೆಂದು ಹೇಳುತ್ತದೆ. ನಿಮ್ಮ ಹಿರಿಯರ ಆತಂಕಕ್ಕೂ ಇಲ್ಲೇ ಸಮಾಧಾನವಿದೆ. ಅವರ ಸಂತ ಪದವಿಯ ವಿಚಾರಣೆಯಲ್ಲಿ, ಇವರು ಅಸಾಧಾರಣವಾದದ್ದೇನನ್ನೂ ಮಾಡಲಿಲ್ಲ ಎಂಬ ಆಕ್ಷೇಪ ರೋಮಿನಲ್ಲಿಯೇ ಎದ್ದಿತ್ತು. ಹದಿನೈದನೆಯ ಬೆನೆಡಿಕ್ಟ್ ಪೋಪರು 1921ರಲ್ಲಿ, ಅತ್ಯಂತ ಸಾಮಾನ್ಯ ಕೆಲಸವನ್ನೂ ಅಡೆತಡೆಗಳ ನಡುವೆ ಬಿಡದೆ ಪರಿಪೂರ್ಣವಾಗಿ ಮಾಡುವುದೇ ವೀರೋಚಿತ ಸದ್ಗುಣ ಎಂಬ ನೆಲೆಯಲ್ಲಿ ಆ ಆಕ್ಷೇಪವನ್ನು ಇತ್ಯರ್ಥಗೊಳಿಸಿದರು. ಚರ್ಚು ತೆರೆದ ಮನಸ್ಸಿನಿಂದ ಚರ್ಚಿಸಿದ ವಿಷಯವನ್ನು ನೀವು ಬರೆದರೆ ಅಗೌರವವಾಗುವುದಿಲ್ಲ.

ಕಡೆಯ ಪ್ರಶ್ನೆಗೆ ಉತ್ತರ: ಅವರು ಅಮೆರಿಕದ ಮೊದಲ ಸಂತರಲ್ಲ. ಇಟಲಿಯಿಂದ ವಲಸೆ ಬಂದು ಪೌರತ್ವ ಪಡೆದಿದ್ದ ಫ್ರಾನ್ಸಿಸ್ ಕಬ್ರೀನಿ 1946ರಲ್ಲಿ, ಅಮೆರಿಕದಲ್ಲೇ ಹುಟ್ಟಿದ ಎಲಿಜಬೆತ್ ಸೀಟನ್ 1975ರಲ್ಲಿ ಸಂತರೆಂದು ಘೋಷಿತರಾಗಿದ್ದರು. ನ್ಯೂಮನ್ ಅವರ ಘೋಷಣೆಯಾದದ್ದು 1977ರ ಜೂನ್ 19ರಂದು. ಅಮೆರಿಕದ ಪೌರರಾಗಿದ್ದ ಪುರುಷರಲ್ಲಿ ಅವರು ಮೊದಲಿಗರು. ಅವರ ಶರೀರ ಇರುವುದು ನಿಮ್ಮ ನಗರದ ಫಿಫ್ತ್ ಸ್ಟ್ರೀಟ್ ಮತ್ತು ಜಿರಾರ್ಡ್ ಅವೆನ್ಯೂ ಕೂಡುವಲ್ಲಿನ ಸಂತ ಪೀಟರರ ದೇವಾಲಯದಲ್ಲಿ, ಪ್ರಧಾನಾಲಯದಲ್ಲಲ್ಲ. ತಮ್ಮ ರಿಡೆಂಪ್ಟರಿಸ್ಟ್ ಸಹೋದರರ ಜೊತೆಗೇ ಸಮಾಧಿಯಾಗಬೇಕೆಂಬುದು ಅವರ ಇಚ್ಛೆಯಾಗಿತ್ತು. ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದ್ದರೆ ವಿಳಾಸ ಅದೇ.